ನಿಪ್ಪಾಣಿಯ ಸಿನಿಮಾ, ನಮ್ಮ ಹೊಗೆಸೊಪ್ಪು

ರೈತ ಚಳವಳಿಯ ಚರಿತ್ರೆ ಬಲ್ಲವರಿಗೆ ನಿಪ್ಪಾಣಿ ಎಂದ ಕೂಡಲೇ ಒಂದು ತಾರೀಖು ನೆನಪಾಗುತ್ತದೆ. 1981ರ ಏಪ್ರಿಲ್ 6. ತಂಬಾಕಿಗೆ ನ್ಯಾಯವಾದ ಬೆಲೆ ಕೊಡಿಸಿ ಎಂದು ಬೆಳೆಗಾರರು ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಮೂರು ವಾರಕ್ಕೂ ಹೆಚ್ಚು ಕಾಲ ಕೂತಿದ್ದರು. ಮುಂದೆ ನಿಂತವರು ಶೇತ್ಕರಿ ಸಂಘಟನೆಯ ಶರದ್ ಜೋಶಿ. ಅವತ್ತು ಪೊಲೀಸರು ಗುಂಡು ಹಾರಿಸಿದರು, 12 ಮಂದಿ ರೈತರು ಸತ್ತರು. ಅದಕ್ಕೆ ಒಂಬತ್ತು ತಿಂಗಳ ಹಿಂದೆ, 1980ರ ಜುಲೈ 21ರಂದು, ನರಗುಂದ–ನವಲಗುಂದದಲ್ಲೂ ಗೋಲಿಬಾರ್ ಆಗಿತ್ತು. ಆಗ ಮುಖ್ಯಮಂತ್ರಿಯಾಗಿದ್ದವರು ಆರ್. ಗುಂಡೂರಾವ್. ಕರ್ನಾಟಕದಲ್ಲಿ ರೈತ ಸಂಘ ಕಟ್ಟಿಕೊಂಡಿದ್ದೂ, 1983ರ ಚುನಾವಣೆಯಲ್ಲಿ ಕಾಂಗ್ರೆಸ್ ಮೊದಲ ಸಲ ಅಧಿಕಾರ ಬಿಟ್ಟಿದ್ದೂ ಇದೇ ಸಿಟ್ಟಿನ ಬೆನ್ನಲ್ಲೇ. ಇಷ್ಟು ನಮ್ಮ ಪತ್ರಿಕೆಗಳಲ್ಲಿ ಬಂದಿದೆ, ಪುಸ್ತಕಗಳಲ್ಲಿ ಸೇರಿದೆ.

ಅದೇ ಊರಲ್ಲಿ, ಅದೇ ವರ್ಷಗಳಲ್ಲಿ, ಅದೇ ತಂಬಾಕಿನ ಸುತ್ತ ಇನ್ನೊಂದು ಚಳವಳಿ ನಡೆದಿತ್ತು. ಅದು ಹೆಂಗಸರದು. ನಿಪ್ಪಾಣಿಯದು ಬೀಡಿ ತಂಬಾಕು. ಬಿಸಿಲಿಗೆ ಒಣಗಿಸಿದ ಸೊಪ್ಪು ವ್ಯಾಪಾರಿಗಳ ವಖಾರಗಳಿಗೆ, ಎಂದರೆ ಗೋದಾಮು ಕಾರ್ಖಾನೆಗಳಿಗೆ, ಹೋಗುತ್ತದೆ. ಅಲ್ಲಿ ಅದನ್ನು ಬಡಿದು, ಪುಡಿ ಮಾಡಿ, ಜರಡಿ ಹಿಡಿದು ಚೀಲಕ್ಕೆ ತುಂಬುತ್ತಾರೆ. ಈ ಕೆಲಸ ಮಾಡುತ್ತಿದ್ದವರು ಹೆಚ್ಚಿನಂಶ ಹೆಂಗಸರು, ಬಹಳ ಮಂದಿ ಬಡವರು, ದಲಿತರು. ಮುಚ್ಚಿದ ಕೋಣೆ, ಮೂಗು ಬಾಯಿಗೆಲ್ಲ ತಂಬಾಕಿನ ಧೂಳು, ಮಾಲೀಕ ಹೇಳಿದಷ್ಟು ಕೂಲಿ, ಅವನು ಬಿಟ್ಟಾಗ ಮನೆ. ಬೆಳೆಗಾರನಿಗೆ ಬೆಲೆ ಕೊಡದ ವ್ಯಾಪಾರಿಯೂ ಈ ಹೆಂಗಸರಿಗೆ ಕೂಲಿ ಕೊಡದ ಮಾಲೀಕನೂ ಒಂದೇ ವರ್ಗದವರು. ಹೆಂಗಸರು ಕೆಲಸ ನಿಲ್ಲಿಸಿ ಬೀದಿಗೆ ಬಂದರು. ಸುಭಾಷ್ ಜೋಶಿ ಅವರ ಜತೆ ಸೇರಿ ಚಿಕ್ಕೋಡಿ ತಾಲ್ಲೂಕು ಕಾಮಗಾರ್ ಮಹಾಸಂಘ ಎಂಬ ಯೂನಿಯನ್ ಕಟ್ಟಿದರು. ಅಸಂಘಟಿತ ಕಾರ್ಮಿಕರ ಆ ಕಾಲದ ದೊಡ್ಡ ಹೋರಾಟಗಳಲ್ಲಿ ಇದೂ ಒಂದು.

ರೈತರು ಹೆದ್ದಾರಿ ನಿಲ್ಲಿಸಿದ್ದು ನಮಗೆ ನೆನಪಿದೆ. ಹೆಂಗಸರು ವಖಾರ ನಿಲ್ಲಿಸಿದ್ದು ಅಷ್ಟಾಗಿ ನೆನಪಿಲ್ಲ. ಇವತ್ತು ಅದರ ಬಗ್ಗೆ ಮಾತಾಡಲು ಆಗುತ್ತಿದೆಯೆಂದರೆ ಅದಕ್ಕೆ ದೊಡ್ಡ ಕಾರಣ ಒಂದು ಸಿನಿಮಾ. ಇಪ್ಪತ್ತೈದು ನಿಮಿಷದ್ದು. ನಾನು ಅದರ ಅಭಿಮಾನಿ.

ನಮ್ಮ ಕಡೆ ಅಭಿಮಾನಿ ಎಂದರೆ ಕಟೌಟು, ಹಾರ, ಮೊದಲ ದಿನದ ಮೊದಲ ಆಟ. ಸಾಕ್ಷ್ಯಚಿತ್ರಕ್ಕೂ ಅಭಿಮಾನಿ ಇರುತ್ತಾನಾ ಎಂದು ನಮ್ಮ ಹುಡುಗರು ನಗುತ್ತಾರೆ. ನಗಲಿ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಈ ನಾಲ್ಕು ತಾಲ್ಲೂಕುಗಳಲ್ಲಿ ಓಡಾಡಿ ಸುದ್ದಿ ಕಳಿಸುವವನು ನಾನು. ವರ್ಷಕ್ಕೆ ಎಷ್ಟು ಹೊಗೆಸೊಪ್ಪಿನ ಸುದ್ದಿ ಬರೆಯುತ್ತೇನೋ ಲೆಕ್ಕವಿಲ್ಲ. ದರ ಕುಸಿತ, ಹರಾಜು ಸ್ಥಗಿತ, ಬ್ಯಾರನ್‌ಗೆ ಬೆಂಕಿ, ಬೆಳೆಗಾರರ ರಸ್ತೆ ತಡೆ. ಆ ಸುದ್ದಿಗಳಲ್ಲಿ ಸೊಪ್ಪು ಮುಟ್ಟುವ ಹೆಂಗಸಿನ ಒಂದು ಮಾತೂ ಇರುವುದಿಲ್ಲ. ಹಾಗಾಗಿ ತಂಬಾಕಿನ ಹೆಂಗಸರು ತಾವೇ ಮಾತಾಡುವ ಒಂದು ಸಿನಿಮಾ ನಮ್ಮದೇ ರಾಜ್ಯದಲ್ಲಿ, ನಾನು ಹುಟ್ಟುವ ಮೊದಲೇ ಆಗಿದೆ ಎಂದು ಗೊತ್ತಾದಾಗ ಅದನ್ನು ಹುಡುಕಿ ನೋಡಿದೆ. ಆಮೇಲೂ ಎಷ್ಟೋ ಸಲ ನೋಡಿದೆ.

ಚಿತ್ರದ ಹೆಸರು ಮರಾಠಿಯಲ್ಲಿ 'ತಂಬಾಕೂ ಚಾಕಿಲಾ ಊಬ್ ಆಲಿ'. ಊಬ್ ಎಂದರೆ ಕಾವು, ಬಿಸುಪು. ಇಂಗ್ಲಿಷಿನಲ್ಲಿ 'ಟೊಬ್ಯಾಕೊ ಎಂಬರ್ಸ್' ಎಂದು ಕರೆದರು, ತಂಬಾಕಿನ ಕೆಂಡ. 1982ರಲ್ಲಿ ಇದನ್ನು ಮಾಡಿದ್ದು 'ಯುಗಾಂತರ್' ಎಂಬ ತಂಡ. ಬೆಂಗಳೂರಿನ ದೀಪಾ ಧನರಾಜ್, ಅಭಾ ಭೈಯಾ, ಮೀರಾ ರಾವ್ ಮತ್ತು ಛಾಯಾಗ್ರಾಹಕ ನವ್‌ರೋಜ್ ಕಾಂಟ್ರಾಕ್ಟರ್ 1980ರಲ್ಲಿ ಕಟ್ಟಿಕೊಂಡ ಗುಂಪು ಅದು. ಭಾರತದ ಮೊದಲ ಸ್ತ್ರೀವಾದಿ ಸಿನಿಮಾ ತಂಡ ಎಂದು ಇದನ್ನು ಗುರುತಿಸುತ್ತಾರೆ. 1983ರ ಹೊತ್ತಿಗೆ ನಾಲ್ಕು ಚಿತ್ರ ಮಾಡಿದರು. ಪುಣೆಯ ಮನೆಗೆಲಸದವರ ಮೇಲೆ 'ಮೋಲ್ಕರೀಣ್', ನಿಪ್ಪಾಣಿಯ ಈ ಚಿತ್ರ, ಹೈದರಾಬಾದಿನ ಸ್ತ್ರೀಶಕ್ತಿ ಸಂಘಟನೆಯ ಜತೆ ಸೇರಿ ಮನೆಯೊಳಗಿನ ಹಿಂಸೆಯ ಬಗ್ಗೆ 'ಇದಿ ಕಥಾ ಮಾತ್ರಮೇನಾ', ಚಿಪ್ಕೊ ಚಳವಳಿಯ ಹೆಣ್ಣೊಬ್ಬಳ ಬಗ್ಗೆ 'ಸುದೇಶಾ'. ಕ್ಯಾಮೆರಾ ಹಿಡಿದ ನವ್‌ರೋಜ್, ಮಣಿ ಕೌಲ್ ಅವರ 'ದುವಿಧಾ'ಕ್ಕೂ ಕ್ಯಾಮೆರಾ ಹಿಡಿದಿದ್ದವರು. 2023ರಲ್ಲಿ ತೀರಿಕೊಂಡರು.

ನಿಪ್ಪಾಣಿಯಲ್ಲಿ ಅವರು ಕ್ಯಾಮೆರಾ ಇಟ್ಟು ಎರಡು ದಿನದಲ್ಲಿ ಶೂಟಿಂಗ್ ಮುಗಿಸಿ ಹೊರಡಲಿಲ್ಲ. ತಿಂಗಳುಗಟ್ಟಲೆ ಹೆಂಗಸರ ಜತೆ ಕೂತು ಮಾತಾಡಿದರು. ಏನನ್ನು ತೋರಿಸಬೇಕು ಎಂಬುದನ್ನು ಕಾರ್ಮಿಕರೂ ಸೇರಿಯೇ ತೀರ್ಮಾನಿಸಿದರು. ಹೊರಗಿನವರು ಅಲ್ಲಿಯವರೆಗೆ ನೋಡಿರದ ವಖಾರದ ಒಳಗನ್ನು ಚಿತ್ರೀಕರಿಸಿದರು. ಮುಷ್ಕರದ ಮುಖ್ಯ ಘಟ್ಟಗಳು ಆಗಲೇ ನಡೆದು ಹೋಗಿದ್ದವಲ್ಲ, ಅವನ್ನು ಆ ಹೆಂಗಸರೇ ಕ್ಯಾಮೆರಾ ಮುಂದೆ ಮತ್ತೆ ನಡೆಸಿ ತೋರಿಸಿದರು. ಹೀಗೆ ಮರುನಟಿಸಿದ ದೃಶ್ಯಗಳು ಈ ಚಿತ್ರದ ಜೀವ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ಇಂಥ ಚಿತ್ರಗಳನ್ನು ಜನ ಎಲ್ಲಿ ನೋಡುತ್ತಿದ್ದರು?

ನಮ್ಮ ಹಿರಿಯರಿಗೆ ಡಾಕ್ಯುಮೆಂಟರಿ ಎಂದರೆ ಸರ್ಕಾರದ್ದು. ಕೇಂದ್ರ ಸರ್ಕಾರ 1948ರಲ್ಲಿ ಫಿಲ್ಮ್ಸ್ ಡಿವಿಷನ್ ಆರಂಭಿಸಿತು. ಅದರ ಚಿತ್ರಗಳನ್ನು ಥಿಯೇಟರುಗಳು ಪರವಾನಗಿಯ ಷರತ್ತಿನಂತೆ ತೋರಿಸಲೇಬೇಕಿತ್ತು. ಟೂರಿಂಗ್ ಟಾಕೀಸಿನ ಟೆಂಟಿನಲ್ಲಿ ರಾಜ್‌ಕುಮಾರ್ ಚಿತ್ರಕ್ಕೆ ಮುಂಚೆ ಅಣೆಕಟ್ಟು, ಪ್ರವಾಹ, ಕುಟುಂಬ ಯೋಜನೆ, ಪ್ರಧಾನಿಯ ಪ್ರವಾಸ ಬರುತ್ತಿತ್ತು. ಜನ ಬೀಡಿ ಸೇದಲು ಹೊರಗೆ ನಿಲ್ಲುತ್ತಿದ್ದುದು ಆ ಹೊತ್ತಿನಲ್ಲೇ. ಹಳ್ಳಿಗಳಿಗೆ ಪ್ರಚಾರದ ವ್ಯಾನು ಬಂದು ಶಾಲೆಯ ಬಯಲಲ್ಲಿ ಬಿಳಿ ಪರದೆ ಕಟ್ಟಿದರೂ ಅದೇ ಚಿತ್ರಗಳು. ಅಲ್ಲಿ ಒಂದು ದನಿ ಮೇಲಿನಿಂದ ಹೇಳುತ್ತಿತ್ತು, ನಾವು ಕೆಳಗೆ ಕೂತು ಕೇಳುತ್ತಿದ್ದೆವು. ಚಿತ್ರ ಮುಗಿದ ಮೇಲೆ ಯಾರೂ "ನಿಮಗೇನನಿಸಿತು" ಎಂದು ಕೇಳುತ್ತಿರಲಿಲ್ಲ.

ಸರ್ಕಾರವನ್ನು ಪ್ರಶ್ನಿಸುವ ಸಾಕ್ಷ್ಯಚಿತ್ರಕ್ಕೆ ಈ ದಾರಿ ಮುಚ್ಚಿತ್ತು. ಸಾರ್ವಜನಿಕವಾಗಿ ತೋರಿಸಲು 1952ರ ಸಿನಿಮಾಟೋಗ್ರಾಫ್ ಕಾಯ್ದೆಯಂತೆ ಸರ್ಟಿಫಿಕೇಟ್ ಬೇಕು. ಕೆ.ಎ. ಅಬ್ಬಾಸ್ ಮುಂಬೈ, ದೆಹಲಿ, ಕೋಲ್ಕತ್ತ, ಚೆನ್ನೈಗಳ ಸಿರಿತನ ಬಡತನ ತೋರಿಸಿ ಒಂದು ಕಿರುಚಿತ್ರ ಮಾಡಿದಾಗ ಸೆನ್ಸಾರಿನವರು ಎಲ್ಲರೂ ನೋಡಬಹುದು ಎಂಬ ಸರ್ಟಿಫಿಕೇಟ್ ಕೊಡಲು ಒಪ್ಪಲಿಲ್ಲ. ಅವರು ಸುಪ್ರೀಂ ಕೋರ್ಟಿಗೆ ಹೋದರು. 1970ರ ತೀರ್ಪಿನಲ್ಲಿ ಸಿನಿಮಾಕ್ಕೆ ಮುಂಚಿತ ಸೆನ್ಸಾರ್ ಇರುವುದು ಸರಿ ಎಂದೇ ನ್ಯಾಯಾಲಯ ಹೇಳಿತು. ಐದು ವರ್ಷದ ಮೇಲೆ ತುರ್ತುಪರಿಸ್ಥಿತಿ ಬಂತು. ಬಿಹಾರದ ಜೆಪಿ ಚಳವಳಿಯ ಬಗ್ಗೆ ಆನಂದ್ ಪಟವರ್ಧನ್ ಮಾಡಿದ್ದ ಚಿತ್ರವನ್ನು ಆಗ ಕದ್ದುಮುಚ್ಚಿ ತೋರಿಸಬೇಕಾಯಿತು.

ಥಿಯೇಟರ್ ಸಿಗದ ಚಿತ್ರಗಳು ಯೂನಿಯನ್ ಕಚೇರಿಗೆ, ಕಾಲೇಜಿಗೆ, ಹಾಸ್ಟೆಲಿಗೆ, ಊರ ಸಮುದಾಯ ಭವನಕ್ಕೆ ಹೋದವು. ರೀಲಿನ ಡಬ್ಬಿ ಹೊತ್ತು ಚಿತ್ರ ಮಾಡಿದವರೋ ಅವರ ಗೆಳೆಯರೋ ಜತೆಗೆ ಬರುತ್ತಿದ್ದರು. 16 ಎಂಎಂ ಫಿಲ್ಮು ನಿಮಿಷಕ್ಕೆ 36 ಅಡಿ ಓಡುತ್ತದೆ. ನಿಪ್ಪಾಣಿಯ ಚಿತ್ರ ಸುಮಾರು 900 ಅಡಿ, ಒಂದೇ ದೊಡ್ಡ ರೀಲಿಗೆ ಸಾಕು. ಒಂದು ಪ್ರೊಜೆಕ್ಟರ್, ಒಂದು ಬಿಳಿ ಗೋಡೆ, ಅರ್ಧ ಗಂಟೆ ಕರೆಂಟು ಇದ್ದರೆ ಆಟ ಮುಗಿಯಿತು. ಅಷ್ಟು ದೂರ ಬಂದವರು ಇಪ್ಪತ್ತೈದು ನಿಮಿಷ ತೋರಿಸಿ ಎದ್ದು ಹೋಗುತ್ತಾರಾ? ಕೂತು ಮಾತಾಡುತ್ತಿದ್ದರು. ಚಿತ್ರದ ನಂತರ ಸಂವಾದ ಎಂದು ಇವತ್ತು ಕರಪತ್ರದಲ್ಲಿ ಅಚ್ಚಾಗುವ ಕಾರ್ಯಕ್ರಮ ಹುಟ್ಟಿದ್ದು ಹೀಗೆ. ಯುಗಾಂತರ್ ತಂಡಕ್ಕಂತೂ ಚಿತ್ರ ಎಂದರೆ ಒಂದೂರಿನ ಹೆಂಗಸರ ಮಾತನ್ನು ಇನ್ನೊಂದೂರಿನ ಹೆಂಗಸರ ಮುಂದೆ ಇಡುವ ಸಾಧನ. ಚಿತ್ರ ಮುಗಿದ ಮೇಲೆ ನಡೆಯುವ ಮಾತಿಗಾಗಿಯೇ ಆ ಚಿತ್ರ.

ಕನ್ನಡ ನಾಡಿಗೆ ಇದು ಹೊಸದೇನಲ್ಲ. 1975ರಲ್ಲಿ ಶುರುವಾದ 'ಸಮುದಾಯ' ತಂಡ 'ಬೆಲ್ಚಿ' ಬೀದಿನಾಟಕವನ್ನು ಊರೂರಿಗೆ ಒಯ್ದು ಬಿಹಾರದ ದಲಿತರ ಹತ್ಯೆಯನ್ನು ನಮ್ಮ ಬಸ್ ಸ್ಟ್ಯಾಂಡುಗಳಲ್ಲಿ ಮಾತಾಡುವಂತೆ ಮಾಡಿತ್ತು. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ ಮತ್ತು ನೀನಾಸಮ್‌ನವರು ಜಗತ್ತಿನ ದೊಡ್ಡ ಸಿನಿಮಾಗಳನ್ನು ಅಡಿಕೆ ತೋಟದ ಜನರಿಗೆ ತೋರಿಸಿ, ಅದರ ಮೇಲೆ ಚರ್ಚೆ ಮಾಡಿಸಿದ್ದರು. ಹಳ್ಳಿಯವರಿಗೆ ಇದೆಲ್ಲ ಅರ್ಥವಾಗುತ್ತದಾ ಎಂಬ ಪ್ರಶ್ನೆಗೆ ಹೆಗ್ಗೋಡು ನಲವತ್ತು ವರ್ಷದ ಹಿಂದೆಯೇ ಉತ್ತರ ಕೊಟ್ಟಾಗಿದೆ.

16 ಎಂಎಂ ಕಾಲ ಮುಗಿದ ಮೇಲೆ ಯುಗಾಂತರ್ ಚಿತ್ರಗಳು ಕಣ್ಮರೆಯಾದವು. ಫಿಲ್ಮು ಹಳತಾಯಿತು, ಪ್ರೊಜೆಕ್ಟರುಗಳು ಗುಜರಿಗೆ ಹೋದವು. ದೀಪಾ ಧನರಾಜ್ ಮುಂದೆ ಕುಟುಂಬ ಯೋಜನೆಯ ಕ್ರೌರ್ಯದ ಮೇಲೆ 'ಸಮ್‌ಥಿಂಗ್ ಲೈಕ್ ಎ ವಾರ್' (1991), ರೋಹಿತ್ ವೇಮುಲ ಸಾವಿನ ನಂತರದ ಚಳವಳಿಯ ಮೇಲೆ 'ವಿ ಹ್ಯಾವ್ ನಾಟ್ ಕಮ್ ಹಿಯರ್ ಟು ಡೈ' (2018) ಮಾಡಿದರು. ಹಳೆಯ ನಾಲ್ಕು ಚಿತ್ರಗಳು ಮತ್ತೆ ಬೆಳಕಿಗೆ ಬಂದದ್ದು ಬರ್ಲಿನ್ನಿನ ಆರ್ಸೆನಾಲ್ ಸಂಸ್ಥೆ ಅವನ್ನು ಶುಚಿಗೊಳಿಸಿ ಡಿಜಿಟಲ್ ಪ್ರತಿ ಮಾಡಿದ ಮೇಲೆ. ಈಗ ಅವು ದೇಶವಿದೇಶದ ಉತ್ಸವಗಳಲ್ಲಿ, ವಿಶ್ವವಿದ್ಯಾಲಯಗಳಲ್ಲಿ ಪ್ರದರ್ಶನ ಕಾಣುತ್ತಿವೆ. ಬೆಳಗಾವಿ ಜಿಲ್ಲೆಯ ವಖಾರದ ಹೆಂಗಸರು ಬರ್ಲಿನ್ನಿಗೆ ಹೋಗಿ ಬಂದರು. ಹುಣಸೂರಿಗೆ ಇನ್ನೂ ಬಂದಿಲ್ಲ.

ಮೈಸೂರಿನಲ್ಲಿ ಈ ಚಿತ್ರ ತೋರಿಸುತ್ತಾರೆ, ಆಮೇಲೆ ಸಂವಾದವಿದೆ ಎಂದು ಗೆಳೆಯರೊಬ್ಬರು ವಾಟ್ಸಾಪಿನಲ್ಲಿ ಕಳಿಸಿದಾಗ ಹೊರಟೆ. ಅಂತರಸಂತೆಯಿಂದ ಕೋಟೆ, ಕೋಟೆಯಿಂದ ಮೈಸೂರು. ಹೋಗುವುದು ಸುಲಭ, ವಾಪಸ್ ಬರುವುದು ಕಷ್ಟ. ಸಂಜೆ ಆರಕ್ಕೆ ಎಂದಿದ್ದ ಕಾರ್ಯಕ್ರಮ ಆರೂಮುಕ್ಕಾಲಿಗೆ ಶುರುವಾದಾಗಲೇ ನನ್ನ ಕಣ್ಣು ಗಡಿಯಾರದ ಮೇಲೆ. ಸಣ್ಣ ಸಭಾಂಗಣ, ನಲವತ್ತು ಐವತ್ತು ಜನ. ವಿದ್ಯಾರ್ಥಿಗಳು ಹೆಚ್ಚು, ಒಂದಷ್ಟು ಮೇಷ್ಟರುಗಳು, ರಂಗಭೂಮಿಯವರು. ಚಿತ್ರ ಮಾಡಿದ ತಂಡದವರು ಯಾರೂ ಇರಲಿಲ್ಲ. ಸಿನಿಮಾ ಪಾಠ ಮಾಡುವ ಒಬ್ಬರು ಮತ್ತು ಕಾರ್ಮಿಕ ಸಂಘಟನೆಯಲ್ಲೇ ತಲೆ ನರೆತ ಒಬ್ಬರು ವೇದಿಕೆಯಲ್ಲಿದ್ದರು.

ಮೊಬೈಲಿನಲ್ಲಿ ಎಷ್ಟು ಸಲ ನೋಡಿದ್ದರೂ ಕತ್ತಲಲ್ಲಿ, ದೊಡ್ಡ ಪರದೆಯ ಮೇಲೆ, ಅಕ್ಕಪಕ್ಕ ಜನ ಕೂತಿರುವಾಗ ನೋಡುವುದೇ ಬೇರೆ. ಧೂಳಿನ ನಡುವೆ ಕೂತ ಹೆಂಗಸರ ಸಾಲು ಗೋಡೆಯಷ್ಟು ದೊಡ್ಡದಾಗಿ ಕಂಡಾಗ ನನ್ನ ಪಕ್ಕದ ಹುಡುಗ ಅರಿವಿಲ್ಲದೆ ಕೆಮ್ಮಿದ.

ಸಂವಾದ ಚೆನ್ನಾಗಿತ್ತು. ಮೊದಲ ಪ್ರಶ್ನೆ ಒಬ್ಬ ವಿದ್ಯಾರ್ಥಿನಿಯದು. ನಡೆದು ಹೋದದ್ದನ್ನು ಮತ್ತೆ ನಟಿಸಿ ತೋರಿಸಿದರೆ ಅದನ್ನು ಸಾಕ್ಷ್ಯ ಎನ್ನಬಹುದಾ? ಒಳ್ಳೆಯ ಪ್ರಶ್ನೆ. ಇದರ ಮೇಲೆ ಅರ್ಧ ಗಂಟೆ ಮಾತಾಯಿತು. ವೇದಿಕೆಯಲ್ಲಿದ್ದ ಮೇಷ್ಟರು ಜಗತ್ತಿನ ಬೇರೆ ಬೇರೆ ಸಾಕ್ಷ್ಯಚಿತ್ರಗಳ ಉದಾಹರಣೆ ಕೊಟ್ಟರು. ನಟಿಸಿದವರು ಅದನ್ನು ಬದುಕಿದವರೇ ಆದ್ದರಿಂದ ಅದು ಅವರ ನೆನಪಿನ ಸಾಕ್ಷ್ಯ ಎಂದರು. ಇನ್ನೊಬ್ಬರು ಕ್ಯಾಮೆರಾ, ಕಪ್ಪುಬಿಳುಪಿನ ಬೆಳಕಿನ ಬಗ್ಗೆ ಕೇಳಿದರು. ಮತ್ತೊಬ್ಬರು ಸೆನ್ಸಾರ್ ಬಗ್ಗೆ. ಕಾರ್ಮಿಕ ಮುಖಂಡರು ಇವತ್ತಿನ ಯೂನಿಯನ್ನುಗಳ ಸ್ಥಿತಿ ಹೇಳಿದರು.

ನಾನು ಕೈ ಎತ್ತಿ ಕೇಳಿದೆ. ಇಲ್ಲಿಂದ ಒಂದು ಗಂಟೆಯ ದಾರಿಯಲ್ಲಿ ಸಾವಿರಾರು ಹೆಂಗಸರು ಹೊಗೆಸೊಪ್ಪು ಕಟ್ಟುತ್ತಾರೆ, ಅವರಿಗೆ ಇದನ್ನು ಯಾರಾದರೂ ತೋರಿಸಿದ್ದೀರಾ? ಸಭೆ ಒಂದು ಗಳಿಗೆ ಸುಮ್ಮನಾಯಿತು. ಕಾರ್ಮಿಕ ಮುಖಂಡರು "ತೋರಿಸಬೇಕು, ಆದರೆ ನಿಮ್ಮ ಕಡೆಯದು ಬೇರೆ ಸಮಸ್ಯೆ" ಎಂದರು. ಏನು ಬೇರೆ ಎಂದು ಕೇಳಲು ಸಮಯವಿರಲಿಲ್ಲ, ಕೊನೆಯ ಬಸ್ಸು ಹಿಡಿಯಬೇಕಿತ್ತು. ಬಸ್ಸಿನಲ್ಲಿ ಕೂತು ಅದನ್ನೇ ಯೋಚಿಸಿದೆ.

ಏನು ಬೇರೆ ಎಂಬುದಕ್ಕೆ ನಮ್ಮ ಸೊಪ್ಪಿನ ಚರಿತ್ರೆ ನೋಡಬೇಕು. ನಿಪ್ಪಾಣಿಯದು ಬಿಸಿಲಲ್ಲಿ ಒಣಗುವ ಬೀಡಿ ತಂಬಾಕು, ನಮ್ಮದು ಬ್ಯಾರನ್‌ನಲ್ಲಿ ಬಿಸಿಗಾಳಿಗೆ ಹದವಾಗುವ ಸಿಗರೇಟಿನ ವರ್ಜೀನಿಯಾ. 1975ರ ಕಾಯ್ದೆಯಂತೆ 1976ರ ಜನವರಿ 1ರಂದು ಗುಂಟೂರಿನಲ್ಲಿ ತಂಬಾಕು ಮಂಡಳಿ ಶುರುವಾಯಿತು. 1984ರಲ್ಲಿ ಕರ್ನಾಟಕಕ್ಕೆ ಮಂಡಳಿಯ ಹರಾಜು ಬಂತು. ಚಿಲ್ಕುಂದ, ಕಟ್ಟೆಮಳಲವಾಡಿ, ಕಂಪಲಾಪುರ, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಎಲ್ಲ ಕಡೆ ಹರಾಜು ಮಾರುಕಟ್ಟೆಗಳಾದವು. ವ್ಯಾಪಾರಿ ಹೇಳಿದ್ದೇ ಬೆಲೆ ಎಂಬ ಕಾಲ ಅಷ್ಟರಮಟ್ಟಿಗೆ ಹೋಯಿತು. ಬೆಳೆಗಾರನಿಗೆ ಒಂದು ನೋಂದಣಿ, ಬ್ಯಾರನ್‌ಗೆ ಒಂದು ಲೈಸೆನ್ಸು, ಇಷ್ಟು ಕೆಜಿ ಬೆಳೆಯಬಹುದು ಎಂಬ ಮಿತಿ, ಬೇಲಿಗೆ ಒಂದು ಚೀಟಿ. ದರ ಬಿದ್ದರೆ ಮಂಡಳಿಯ ಮುಂದೆ ಕೂಗಬಹುದು, ಸಂಸದರು ದೆಹಲಿಗೆ ಪತ್ರ ಬರೆಯುತ್ತಾರೆ, ನಾನು ಸುದ್ದಿ ಬರೆಯುತ್ತೇನೆ.

ಹೊಲದಿಂದ ಬೇಲಿನವರೆಗೆ ಆ ಸೊಪ್ಪನ್ನು ಎಷ್ಟು ಕೈ ಮುಟ್ಟುತ್ತದೆ ನೋಡಿ. ಮಡಿಯಲ್ಲಿ ಸಸಿ ಬೆಳೆಸಬೇಕು. ಮುಂಗಾರಿಗೆ ಮುಂಚೆ ನಾಟಿ ಮಾಡಬೇಕು. ಸೊಪ್ಪು ಹಣ್ಣಾದಂತೆ ಕೆಳಗಿನಿಂದ ಮುರಿಯಬೇಕು. ಮುರಿದ ಸೊಪ್ಪನ್ನು ಅವತ್ತೇ ಕಡ್ಡಿಗೆ ಕಟ್ಟಬೇಕು, ಬಿಟ್ಟರೆ ಕೆಡುತ್ತದೆ. ಬೇಯಿಸಿದ ಮೇಲೆ ಬಿಚ್ಚಬೇಕು, ಬಣ್ಣ ನೋಡಿ ಒಂದೊಂದೇ ಎಲೆ ವಿಂಗಡಿಸಿ ಗ್ರೇಡ್ ಮಾಡಬೇಕು. ಬ್ಯಾರನ್ ತುಂಬುವುದು, ರಾತ್ರಿ ಬೆಂಕಿ ಕಾಯುವುದು ಗಂಡಸರು. ಕಟ್ಟುವುದು, ಬಿಚ್ಚುವುದು, ಗ್ರೇಡಿಂಗು ಬಹುಪಾಲು ಹೆಂಗಸರು, ದಿನಗೂಲಿಗೋ ಕಡ್ಡಿ ಲೆಕ್ಕಕ್ಕೋ. ಮಳೆಯಲ್ಲಿ ನೆಂದ ಸೊಪ್ಪು ಹಿಡಿದರೆ ಅದರ ನಿಕೋಟಿನ್ ಚರ್ಮದ ಮೂಲಕ ಮೈಗೆ ಇಳಿಯುತ್ತದೆ. ತಲೆ ಸುತ್ತು, ವಾಂತಿ. ವೈದ್ಯರು ಇದಕ್ಕೆ ಹಸಿ ತಂಬಾಕಿನ ಕಾಯಿಲೆ ಎಂದೇ ಹೆಸರಿಟ್ಟಿದ್ದಾರೆ. ನಮ್ಮ ಕಡೆ ಅದಕ್ಕೆ "ಸೊಪ್ಪು ಏರ್ತು" ಅಂತಾರೆ, ಒಂದು ಲೋಟ ಮಜ್ಜಿಗೆ ಕುಡಿದು ಮತ್ತೆ ಕೂರುತ್ತಾರೆ.

ಬೀಡಿ ಕಟ್ಟುವವರಿಗೆ 1966ರಿಂದ ಒಂದು ಪ್ರತ್ಯೇಕ ಕಾಯ್ದೆಯಿತ್ತು, 1976ರಲ್ಲಿ ಕಲ್ಯಾಣ ನಿಧಿಯ ಕಾಯ್ದೆಯೂ ಬಂತು. ಅವು ಎಷ್ಟು ಜಾರಿಯಾದವು ಎಂಬುದು ಬೇರೆ ಮಾತು, ಹೆಸರಾದರೂ ಕಾಗದದ ಮೇಲಿತ್ತು. ಬ್ಯಾರನ್ ಮುಂದೆ ಸೊಪ್ಪು ಕಟ್ಟುವವಳಿಗೆ ಅಂಥ ಕಾಗದವೂ ಇಲ್ಲ. ಅವಳು ಬರೀ ಕೃಷಿ ಕೂಲಿ. ಬ್ಯಾರನ್‌ಗೆ ನಂಬರ್ ಇದೆ, ಬೇಲಿಗೆ ನಂಬರ್ ಇದೆ. ಕಟ್ಟಿದವಳ ಲೆಕ್ಕ ಮನೆ ಯಜಮಾನನ ಚೀಟಿಯಲ್ಲಿ ಇರುತ್ತದೆ, ಹಣ ಕೊಟ್ಟ ಮೇಲೆ ಅದೂ ಇರುವುದಿಲ್ಲ.

ಮೈಸೂರಿಗೆ ಹೋಗಿ ಬಂದ ಕೆಲವು ವಾರದ ಮೇಲೆ, ಗ್ರೇಡಿಂಗ್ ನಡೆಯುತ್ತಿದ್ದ ಪರಿಚಯದವರ ಮನೆಯ ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟು ಈ ಚಿತ್ರ ಹಾಕಿದೆ. ಆರು ಜನ ಹೆಂಗಸರು. ಐವರು ಕೂಲಿಯವರು, ಆರನೆಯವರು ಆ ಮನೆಯವರೇ. ಮರಾಠಿ ಯಾರಿಗೂ ಬರದು. ಕೆಳಗೆ ಬರುತ್ತಿದ್ದ ಇಂಗ್ಲಿಷ್ ಓದಿಕೊಂಡು ನಾನು ನಮ್ಮ ಮಾತಲ್ಲಿ ಹೇಳುತ್ತಾ ಹೋದೆ. ಕೈ ನಿಲ್ಲಿಸದೆ, ಎಲೆ ವಿಂಗಡಿಸುತ್ತಲೇ ನೋಡಿದರು.

ವಖಾರದ ಒಳಗು ಬಂದಾಗ ಹಿರಿಯರೊಬ್ಬರು, "ಅಯ್ಯೋ ಶಿವನೆ, ಆ ಧೂಳೊಳಗೆ ಮಕ್ಳ್ನ ಎಲ್ ಬುಟ್ಟಿದ್ರಪ್ಪ?" ಎಂದರು. ಮೆರವಣಿಗೆ ಬಂದಾಗ ಎಲ್ಲರ ಕೈಯೂ ನಿಂತಿತು. ಚಿತ್ರ ಮುಗಿಯಿತು. ನಾನು ಏನನಿಸಿತು ಎಂದು ಕೇಳುವ ಮೊದಲೇ ಅವರೇ ಶುರು ಮಾಡಿದರು.

"ಅವ್ರು ಮೊದ್ಲು ಎಲ್ಲಿ ಸೇರಿದ್ರು, ತಮ್ಮ?" ಎಂದು ಒಬ್ಬರು ಕೇಳಿದರು. "ಇಷ್ಟ್ ಜನ ಬೀದಿಗೆ ಬಂದವ್ರೆ ಅಂದ್ರೆ ಅದ್ಕೂ ಮುಂಚೆ ಎಲ್ಲೋ ಕೂತು ಮಾತಾಡಿರ್ಬೇಕಲ್ವ? ಅಲ್ಲಿಗಂಟ ಗಂಡಸ್ರು ಸುಮ್ಕಿದ್ರಾ?"

ಅವರು ಹೀಗೆ ಕೇಳಿದಾಗ ಮೈಸೂರಿನ ಆ ವಿದ್ಯಾರ್ಥಿನಿಯ ಪ್ರಶ್ನೆಗೆ ನನಗೆ ಇನ್ನೊಂದು ಉತ್ತರ ಸಿಕ್ಕಿತು. ನಿಪ್ಪಾಣಿಯ ಹೆಂಗಸರು ನಡೆದದ್ದನ್ನು ಮತ್ತೆ ನಡೆಸಿ ತೋರಿಸಿದ್ದು ಚರಿತ್ರೆಗೆ ದಾಖಲೆ ಇರಲಿ ಎಂದಷ್ಟೇ ಇರಲಾರದು. ಎಲ್ಲೋ ಇರುವ ಇನ್ನೊಬ್ಬ ಕೂಲಿ ಹೆಂಗಸು ಇದನ್ನು ನೋಡುತ್ತಾಳೆ, ಅವಳಿಗೆ ಹೇಗೆ ಮಾಡಿದೆವು ಎಂದು ಗೊತ್ತಾಗಬೇಕು ಎಂದೂ ಇರಬೇಕು. ನಮ್ಮ ಮನೆಗಳಲ್ಲಿ ಹೊಸದಾಗಿ ಬಂದವರಿಗೆ ಸೊಪ್ಪು ಕಟ್ಟುವುದನ್ನು ಹಾಗೇ ತಾನೆ ಕಲಿಸುವುದು, ಮತ್ತೊಂದು ಸಲ ಕಟ್ಟಿ ತೋರಿಸಿ. ಚಿತ್ರವನ್ನು ಆ ಕಣ್ಣಿನಿಂದ ಇನ್ನೊಂದು ಸಲ ಹಾಕಿದೆ. ಹೆಂಗಸರು ಗುಂಪಾಗಿ ಕೂತಿರುವ ಕಡೆಯೆಲ್ಲ ನಿಲ್ಲಿಸು ಎಂದು ಅವರೇ ಹೇಳಿದರು. ಯಾರು ಮಾತಾಡುತ್ತಿದ್ದಾರೆ, ಯಾರ ಮಡಿಲಲ್ಲಿ ಮಗು ಇದೆ ಎಂದು ನೋಡಿದರು.

ಆಮೇಲೆ ಕಾರ್ಮಿಕ ಮುಖಂಡರು ಹೇಳಿದ 'ಬೇರೆ ಸಮಸ್ಯೆ'ಯನ್ನೂ ಅವರೇ ಬಿಡಿಸಿಟ್ಟರು. "ಅವ್ರೆಲ್ಲ ಒಂದೇ ಸೂರಿನ ಕೆಳಗವ್ರೆ. ನಾವು ಆರು ಜನ ಈ ಬ್ಯಾರನ್ ತಾವ, ಇನ್ನಾರು ಜನ ಆಚೆ ಹೊಲ್ದ ತಾವ. ನಾವ್ ಬರ್ದಿದ್ರೆ ಇನ್ನೊಬ್ರ ಕರೀತಾರೆ" ಎಂದರು ಒಬ್ಬರು. "ಕೇಳದಾದ್ರೂ ಯಾರ್ನ? ಇವ್ರ್ ಮನೇಲೇ ಸಾಲ ಐತೆ. ನಾಳೆ ಮಗಳ ಮದ್ವೆಗೆ ಇವ್ರ್ ತಾವ್ಲೇ ಕೈ ಚಾಚ್ಬೇಕು" ಎಂದು ಮನೆಯವರ ಎದುರಿಗೇ ಹೇಳಿದರು ಇನ್ನೊಬ್ಬರು. ಮನೆಯ ಹೆಂಗಸು ಸಿಟ್ಟಾಗಲಿಲ್ಲ. ಮಡಿಲಲ್ಲಿದ್ದ ಎಲೆಗಳನ್ನು ಜೋಡಿಸುತ್ತಾ ಅಂದರು: "ನಿಮ್ಗಾದ್ರೂ ಕೂಲಿ ಕೇಳಕ್ಕೆ ಒಂದ್ ಮನೆ ಐತೆ ಕಣ್ರವ್ವ. ನಾನೂ ಬೆಳಗಿಂದ ಕೂತಿವ್ನಿ. ನಾ ಯಾರ್ನ ಕೇಳ್ಲಿ?"

ಎಲ್ಲರೂ ನಕ್ಕರು. ನಗು ಮುಗಿದ ಮೇಲೂ ಆ ಮಾತು ಜಗಲಿಯಲ್ಲೇ ಇತ್ತು.

ನಿಪ್ಪಾಣಿಯಲ್ಲಿ ಎದುರಾಳಿ ಯಾರು ಎಂಬುದು ಸ್ಪಷ್ಟವಿತ್ತು. ಇಲ್ಲಿ ಕೂಲಿ ಕೊಡುವವನೂ ಸಾಲಗಾರ, ಅವನ ಹೆಂಡತಿಯೂ ಕೂಲಿಯಿಲ್ಲದ ಕೂಲಿ. ಆದ್ದರಿಂದ ನಿಪ್ಪಾಣಿಯ ದಾರಿ ನಮ್ಮ ದಾರಿ ಆಗಲಾರದು ಎಂದು ಹೇಳುವವರ ಮಾತಿನಲ್ಲಿ ಹುರುಳಿದೆ. ಆದರೆ ಹುಣಸೂರಿನ ಬ್ಯಾರನ್ ವ್ಯವಸ್ಥೆಯ ಬಗ್ಗೆ ಇಷ್ಟು ನಿಖರವಾದ ವಿವರಣೆಯನ್ನು ನಾನು ಯಾವ ಸಭೆಯಲ್ಲೂ ಕೇಳಿರಲಿಲ್ಲ, ಯಾವ ವರದಿಯಲ್ಲೂ ಓದಿರಲಿಲ್ಲ. ಅದು ಹೊರಬಿದ್ದದ್ದು ಇಪ್ಪತ್ತೈದು ನಿಮಿಷದ ಹಳೆಯ ಚಿತ್ರ ನೋಡಿದ ಮೇಲಿನ ಅರ್ಧ ಗಂಟೆಯ ಮಾತಿನಲ್ಲಿ. ಸಂಘಟನೆ ಹೇಗೆ ಆಗಬೇಕು ಎಂದು ನಾನಾಗಲಿ ಮೈಸೂರಿನವರಾಗಲಿ ಹೇಳಬೇಕಾಗಿಲ್ಲ. ಕೂಲಿ, ಮಗು, ಸಾಲ, ಸೂರು, ಎಲ್ಲವನ್ನೂ ಅವರು ಆಗಲೇ ಲೆಕ್ಕ ಹಾಕಿಕೊಂಡಿದ್ದಾರೆ. ಅವರು ಕೂತು ಮಾತಾಡುವ ಜಾಗ ಇಲ್ಲ, ಅಷ್ಟೆ.

ಮೈಸೂರಿನ ಸಂವಾದವನ್ನು ನಾನು ಕಡಿಮೆ ಎನ್ನುತ್ತಿಲ್ಲ. ನನ್ನಂಥ ಅಭಿಮಾನಿಗೆ ಅದು ಹಬ್ಬವೇ. ಅದು ಇಲ್ಲದಿದ್ದರೆ ಈ ಜಗಲಿಯ ಸಂಜೆಯೂ ಇರುತ್ತಿರಲಿಲ್ಲ. ಆದರೆ ಈ ಚಿತ್ರವನ್ನು ಮಾಡಿದ್ದು ಯಾರ ಜತೆ, ಯಾರಿಗಾಗಿ ಎಂಬುದನ್ನು ನೋಡಿದರೆ ಅದರ ಸಂವಾದ ಸಂಜೆ ಆರಕ್ಕೆ ನಗರದ ಸಭಾಂಗಣದಲ್ಲಿ ಮುಗಿಯಬಾರದು. ಆ ಹೊತ್ತಿಗೆ ನಮ್ಮ ಕಡೆಯ ಹೆಂಗಸರಿಗೆ ಬಸ್ಸಿಲ್ಲ, ಒಲೆ ಹಚ್ಚುವ ಹೊತ್ತು ಬೇರೆ.

ಮೊದಲು ಆಗಬೇಕಾದ್ದು ಕನ್ನಡದ ದನಿ. ಮರಾಠಿ ಚಿತ್ರಕ್ಕೆ ಇಂಗ್ಲಿಷ್ ಅಕ್ಷರ ಇದೆ. ಕರ್ನಾಟಕದ ಹೆಂಗಸರ ಬಗ್ಗೆ ಕರ್ನಾಟಕದ ತಂಡ ಮಾಡಿದ ಚಿತ್ರವನ್ನು ನಾನು ಇಂಗ್ಲಿಷಿನಿಂದ ಕನ್ನಡಕ್ಕೆ ಬಾಯಲ್ಲಿ ಹೇಳಬೇಕಾಯಿತು. ತಂಡದವರ ಒಪ್ಪಿಗೆ ಪಡೆದು ನಮ್ಮ ಮೈಸೂರು ಸೀಮೆಯ ಮಾತಿನಲ್ಲಿ ದನಿ ಕೊಡುವುದು ಈ ಬ್ಲಾಗಿನಲ್ಲಿ ಬರೆಯುವ ನಾವು ನಾಲ್ಕೈದು ಜನ ಸೇರಿದರೆ ಆಗದ ಕೆಲಸವಲ್ಲ. ಎರಡನೆಯದು ಜಾಗ. ಹರಾಜು ಮಾರುಕಟ್ಟೆಗಳಲ್ಲಿ ದೊಡ್ಡ ಶೆಡ್ಡುಗಳಿವೆ, ಕರೆಂಟಿದೆ, ಹರಾಜಿಲ್ಲದ ತಿಂಗಳುಗಳಲ್ಲಿ ಖಾಲಿ ಇರುತ್ತವೆ. ಅದಾಗದಿದ್ದರೆ ಶಾಲೆ ಇದೆ, ಡೇರಿ ಕಟ್ಟಡ ಇದೆ, ಸ್ತ್ರೀಶಕ್ತಿ ಸಂಘದ ಕೋಣೆ ಇದೆ. ಮೂರನೆಯದು ಹೊತ್ತು. ಕೆಲಸವಿಲ್ಲದ ದಿನ, ಮಧ್ಯಾಹ್ನ, ಮಕ್ಕಳನ್ನು ನೋಡಿಕೊಳ್ಳಲು ಯಾರಾದರೂ ಇರುವ ಕಡೆ.

ಆ ಜಗಲಿಯಿಂದ ನಾನು ಹೊರಡುವಾಗ ಹಿರಿಯರು ಕೇಳಿದ್ದು ಇಷ್ಟೇ: "ಇದ್ನ ಆಚೆ ಹೊಲ್ದ ತಾವಿರೋರ್ಗೂ ತೋರ್ಸು ತಮ್ಮ. ನಾವೂ ಬತ್ತೀವಿ."